ಗಾಳಿಗೆ ಮುಖ ಮಾಡಿದ ಗೊಂಬೆಗಳು

ಮೊನ್ನೆ ನವರಾತ್ರಿಗೆಂದು ಗೊಂಬೆ ಪೆಟ್ಟಿಗೆ ತೆಗೆದೆ. ಮೊದಲೆಲ್ಲ ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಬರುತ್ತಿತ್ತು, ಅದರ ಹಿಂದೆಯೇ ಹಳೆಯ ರೇಷ್ಮೆಯದು. ಈಗ ಕೆಲವು ವರ್ಷಗಳಿಂದ ಅವೆರಡನ್ನೂ ಪಕ್ಕಕ್ಕೆ ತಳ್ಳಿ ಮೀನಿನ ವಾಸನೆ ಮುಂದೆ ಬರುತ್ತದೆ. ನಮ್ಮದು ಏಕಾದಶಿ ದಿನ ಈರುಳ್ಳಿ ಹೆಸರೆತ್ತಿದರೂ ಗದರಿಸುತ್ತಿದ್ದ ಅತ್ತೆ ಬಾಳಿ ಹೋದ ಮನೆ. ಅಂಥ ಮನೆಯ ಗೊಂಬೆ ಪೆಟ್ಟಿಗೆಯಲ್ಲಿ ಮೀನು! ಸಹಾಯಕ್ಕೆ ಬಂದಿದ್ದ ಎದುರು ಮನೆ ಶಾರದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇನ್ನೂ ಹೋಗಿಲ್ವೇನ್ರೀ ಅದು?" ಎಂದರು.

"ಸೀಗೆಪುಡಿ ಆಯ್ತು, ನಿಂಬೆಹಣ್ಣು ಆಯ್ತು, ಮಹಡಿ ಮೇಲೆ ಬಿಸಿಲಿಗಿಟ್ಟಿದ್ದೂ ಆಯ್ತು. ಹೋಗಲ್ಲ ಅಂತಿದೆ," ಎಂದೆ.

ನಿಜ ಹೇಳಬೇಕೆಂದರೆ ಅದು ಹೋಗುವುದು ನನಗೂ ಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಬಸವೇಶ್ವರನಗರದ ಈ ನಡುಮನೆಗೆ ಆ ಬೇಸಿಗೆ ಪೂರ್ತಿಯಾಗಿ ಬಂದು ಕೂರುತ್ತದೆ.

ಆ ವರ್ಷ ನಮ್ಮವರು ರಿಟೈರ್ ಆಗಿದ್ದರು. ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಜೀವಮಾನವಿಡೀ ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ತಿದ್ದಿದ ಮನುಷ್ಯ ಏಕಾಏಕಿ ಮನೆಯಲ್ಲಿ ಕೂತರೆ ಏನು ಮಾಡುತ್ತಾರೆ? ಕೈಗೆ ಸಿಕ್ಕಿದ್ದಕ್ಕೆಲ್ಲ ಎಣ್ಣೆ ಬಿಡುತ್ತಾರೆ. ಕಿಟಕಿ, ಬಾಗಿಲು, ಮಿಕ್ಸಿ, ಹೊಲಿಗೆ ಯಂತ್ರ, ಕೊನೆಗೆ ಗೇಟು. ನಮ್ಮ ಮನೆಯ ಒಂದು ಬಾಗಿಲೂ ಸದ್ದು ಮಾಡದೆ, ಯಾರು ಬಂದರು ಯಾರು ಹೋದರು ಎಂಬುದೇ ಗೊತ್ತಾಗದ ಹಾಗಾಗಿತ್ತು. ನಾನು ಅಡುಗೆಮನೆಯಿಂದ ತಿರುಗಿದರೆ ಅವರು ಎಣ್ಣೆ ಡಬ್ಬಿ ಹಿಡಿದು ಹಿಂದೆಯೇ ನಿಂತಿರುತ್ತಿದ್ದರು. ಎದೆ ಧಸಕ್ ಎನ್ನುತ್ತಿತ್ತು.

ಇಂಥದ್ದರಲ್ಲಿ ಒಂದು ಬೆಳಿಗ್ಗೆ ಮೇಘನಾ ಬಂದಳು. ಮೇಘನಾ ನನ್ನ ತಮ್ಮನ ಮಗಳು. ಹುಟ್ಟಿ ಬೆಳೆದದ್ದು ಕೆಂಗೇರಿ ಉಪನಗರ. ಪಿಎಚ್‌ಡಿಗೆ ಆರಿಸಿಕೊಂಡದ್ದು ಮಾತ್ರ ಸಮುದ್ರದ ಹಕ್ಕಿ. "ಮನೆ ಹತ್ರ ಕಾಗೆ ಇರ್ಲಿಲ್ವಾ?" ಎಂದು ಅವಳಪ್ಪ ಈಗಲೂ ಗೊಣಗುತ್ತಾನೆ. ವರ್ಷದಲ್ಲಿ ಅರ್ಧಭಾಗ ಉತ್ತರ ಕನ್ನಡದ ಕರಾವಳಿಯಲ್ಲೇ ಇರುವ ಹುಡುಗಿ, ಬಂದಾಗಲೆಲ್ಲ ನನ್ನ ಅಕ್ಕಿರೊಟ್ಟಿಯನ್ನು ಎಣಿಸದೆ ತಿನ್ನುವವಳು. ಆ ದಿನ ಒಂದೇ ರೊಟ್ಟಿಯನ್ನು ಚೂರು ಚೂರು ಮಾಡುತ್ತಾ ಕೂತಿದ್ದಳು.

"ಏನಾಯ್ತೇ?" ಎಂದೆ.

"ಹಕ್ಕಿ ಬರ್ತಿಲ್ಲ ಅತ್ತೆ," ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿಬಿಟ್ಟಿತು.

ವಿಷಯ ಇಷ್ಟು. ದಡದಿಂದ ದೋಣಿಯಲ್ಲಿ ಹೋಗಬೇಕಾದ ಒಂದು ಬೋಳು ನಡುಗಡ್ಡೆ. ಅದರ ಹೆಸರು ನಾನು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರವೇ ನೀವು ಹೊರಡುತ್ತೀರಿ. ಅಲ್ಲಿ ಪ್ರತಿ ಬೇಸಿಗೆ ರೀವ ಹಕ್ಕಿಗಳು ಬಂದು, ಗೂಡು ಗೀಡು ಏನೂ ಕಟ್ಟದೆ, ಬರಿಯ ಬಂಡೆಯ ಮೇಲೆ ಮೊಟ್ಟೆ ಇಡುತ್ತಿದ್ದವು. ಬಿಳಿ ಹೊಟ್ಟೆ, ಬೂದು ಬೆನ್ನು, ಕಪ್ಪು ನೆತ್ತಿ, ಕವಲು ಬಾಲ. ಮೇಘನಾ ಓದುತ್ತಿದ್ದದ್ದು ಅವುಗಳ ಸಂಸಾರವನ್ನೇ. ಆಮೇಲೆ ಮೋಜಿನ ದೋಣಿಗಳು ಹೋಗಲು ಶುರುವಾದವು, ಸ್ಪೀಕರ್ ಹಾಕಿ ಕುಣಿದವು, ಹಕ್ಕಿಗಳು ಎದ್ದು ಹೋದವು. ಈಗ ಕಾವಲು ಹಾಕಿ ದೋಣಿಗಳನ್ನು ನಿಲ್ಲಿಸಿದ್ದರೂ ಹಕ್ಕಿಗಳು ಮರಳಲಿಲ್ಲ. ಬೇಸಿಗೆಯಲ್ಲಿ ಮೇಲೆ ಹಾರಿ ಬರುತ್ತವೆ, ಖಾಲಿ ಬಂಡೆ ನೋಡುತ್ತವೆ, ಮುಂದೆ ಹೋಗುತ್ತವೆ. ಈ ಸಲವೂ ಒಂದು ಮೊಟ್ಟೆ ಕಾಣದಿದ್ದರೆ ವಿಷಯವನ್ನೇ ಬದಲಾಯಿಸಬೇಕೆಂದು ಅವಳ ಗೈಡ್ ಹೇಳಿಬಿಟ್ಟಿದ್ದರು. ಅಷ್ಟು ವರ್ಷದ ಓದು, ಬಿಸಿಲು, ಉಪ್ಪುನೀರು ಎಲ್ಲ ಸೊನ್ನೆ.

"ಗಲಾಟೆ ನಿಂತಿದೆಯಲ್ಲೇ, ಮತ್ತೇನಂತೆ ಅವಕ್ಕೆ?"

"ಖಾಲಿ ಹೋಟೆಲ್‌ಗೆ ನೀವು ಹೋಗ್ತೀರಾ ಅತ್ತೆ? ಹೊರಗಡೆ ನಾಲ್ಕು ಜನ ತಟ್ಟೆ ಹಿಡ್ಕೊಂಡು ನಿಂತಿದ್ರೆ ತಾನೇ ಇಡ್ಲಿ ಚೆನ್ನಾಗಿರತ್ತೆ ಅನ್ಸೋದು? ಹಂಗೇ ಇವೂ. ಮೊದಲೇ ಯಾರೋ ಕೂತಿರ್ಬೇಕು. ಬೇರೆ ದೇಶದಲ್ಲಿ ಸುಳ್ಳು ಹಕ್ಕಿ ಮಾಡಿ ಕೂರಿಸ್ತಾರೆ, ಕೂಗೋ ಸದ್ದೂ ಹಾಕ್ತಾರೆ. ನನಗೆ ಪರ್ಮಿಷನ್ನೂ ಸಿಕ್ಕಿದೆ. ಆದ್ರೆ ಆ ಸುಳ್ಳು ಹಕ್ಕಿ ಅಲ್ಲಿಂದ ತರ್ಸೋಷ್ಟರಲ್ಲಿ ಸೀಸನ್ನೇ ಮುಗಿದ್ಹೋಗತ್ತೆ."

ನಡುಮನೆಯಲ್ಲಿ ಟೇಬಲ್ ಫ್ಯಾನಿಗೆ ಎಣ್ಣೆ ಬಿಡುತ್ತಿದ್ದ ನಮ್ಮವರು ಅಲ್ಲಿಂದಲೇ ಕೇಳಿದರು. "ಮರದಲ್ಲಿ ಮಾಡಿದ್ರೆ ಆಗಲ್ವಾ?"

ಅರ್ಧ ಗಂಟೆಯಲ್ಲಿ ಅವರು ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪುಟ್ಟಸ್ವಾಮಿಯ ಶೆಡ್ಡಿಗೆ ಹೊರಟಾಗಿತ್ತು. ಎಣ್ಣೆ ಡಬ್ಬಿ ಮುಚ್ಚಳ ತೆಗೆದೇ ಬಿದ್ದಿತ್ತು. ನಾನೇ ಮುಚ್ಚಿ ದೇವರಿಗೆ ಕೈ ಮುಗಿದೆ.

ಪುಟ್ಟಸ್ವಾಮಿ ಇವರ ಹಳೆಯ ಸ್ನೇಹಿತ. ಮನೆ ಲಗ್ಗೆರೆ, ಶೆಡ್ಡು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು. ಲೋಹದ ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ಒತ್ತಬೇಕಲ್ಲ, ಆ ಅಚ್ಚಿಗೆ ಬೇಕಾದ ಮರದ ಮಾದರಿ ಮಾಡುವುದು ಅವರ ಕೆಲಸ. ಪಂಪು, ವಾಲ್ವು, ಗೇರ್ ಪೆಟ್ಟಿಗೆ ಮಾಡಿದ ಕೈ ಹಕ್ಕಿ ಮಾಡಿರಲಿಲ್ಲ. ಮೇಘನಾ ಫೋನಿನಲ್ಲಿ ಫೋಟೋ ತೋರಿಸಿದರೆ ಕನ್ನಡಕ ಹಣೆಗೇರಿಸಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರಂತೆ. "ಸೈಡಿಂದ ಇದೆ. ಮೇಲಿಂದ ತೆಗ್ದಿರೋದು ಎಲ್ಲಮ್ಮಾ?"

"ಅದು ಮೇಲೆ ಹಾರತ್ತೆ ಅಂಕಲ್. ನಾನು ಕೆಳಗಿರ್ತೀನಿ."

"ಓಹೋ, ಅದೂ ಸರಿ," ಎಂದು ನಗುತ್ತಾ ತೇಗದ ಒಂದು ತುಂಡು ತೆಗೆದುಕೊಂಡರಂತೆ.

ಮೇಘನಾ ಅಳತೆಗಳನ್ನೆಲ್ಲ ಬರೆದುಕೊಟ್ಟಳು. ಪುಟ್ಟಸ್ವಾಮಿ ಕೆತ್ತಿದರು, ನಮ್ಮವರು ಉಜ್ಜಿದರು. ಕೊಕ್ಕು ಮರದಲ್ಲಿ ನಿಲ್ಲದೆ ಪಟ್ ಎಂದು ಮುರಿಯುತ್ತಿತ್ತು. ಸೈಕಲ್ ಚಕ್ರದ ಕಡ್ಡಿ ಕತ್ತರಿಸಿ ಕೊಕ್ಕು ಮಾಡುವ ಯೋಚನೆ ಇವರದು. ಸಂಜೆ ಮೈಯೆಲ್ಲ ಮರದ ಪುಡಿ ಮೆತ್ತಿಕೊಂಡು, ಹಾಡು ಗುನುಗುತ್ತಾ ಮನೆಗೆ ಬರುತ್ತಿದ್ದರು. ರಾತ್ರಿ ಊಟಕ್ಕೆ ಕರೆದರೆ ಮೊದಲ ಕೂಗಿಗೇ ಬರುತ್ತಿದ್ದರು. ಹಸಿವು ಅನ್ನುವುದು ಅವರಿಗೆ ಮತ್ತೆ ಹುಟ್ಟಿತ್ತು. ಅದನ್ನು ನೋಡಿ ನನಗಾದ ಸಂತೋಷವನ್ನು ಅವರಿಗೆ ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಬಣ್ಣದ ಕೆಲಸ ನನ್ನ ನಡುಮನೆಗೆ ಬಂತು. ನಮ್ಮ ರಸ್ತೆಯಲ್ಲಿ ಗೊಂಬೆ ಕೂರಿಸುವ ಹೆಂಗಸರದ್ದೊಂದು ಗುಂಪಿದೆ. ಪಟ್ಟದ ಗೊಂಬೆಗೆ ಬಣ್ಣ ಹೋದರೆ ಹಚ್ಚುವುದು, ಮೂಗು ಮುರಿದರೆ ಕೂರಿಸುವುದು ಎಲ್ಲ ನಾವೇ. ನಾನು ಕರೆದಿದ್ದೇ ತಡ, ಎಲ್ಲರೂ ಕುಂಚ ಹಿಡಿದು ಬಂದರು. ನೆಲದ ತುಂಬ ಹಳೆಯ ಪೇಪರ್, ಪೇಪರಿನ ತುಂಬ ಬೋಳು ಹಕ್ಕಿ, ಮನೆ ತುಂಬ ಥಿನ್ನರ್ ವಾಸನೆ. ಶಾರದಮ್ಮನಿಗೆ ಬೂದು ಬಣ್ಣ ಹಿಡಿಸಲಿಲ್ಲ.

"ಇಷ್ಟು ಸಪ್ಪೆ ಮಾಡಿದ್ರೆ ಯಾರಿಗಮ್ಮಾ ಇಷ್ಟ ಆಗತ್ತೆ? ರೆಕ್ಕೆಗೆ ಒಂಚೂರು ಗಿಳಿಹಸಿರು ಕೊಡ್ಲಾ?"

"ಇಷ್ಟ ಆಗ್ಬೇಕಾಗಿರೋದು ಇನ್ನೊಂದು ಹಕ್ಕಿಗೆ ಆಂಟಿ," ಎಂದಳು ಮೇಘನಾ.

ಆದರೂ ಒಂದು ಹಕ್ಕಿಗೆ ನಾನು ನನಗೆ ಬೇಕಾದ ಹಾಗೆ ಬರೆದೆ. ಈ ಹಕ್ಕಿಗೆ ಕಪ್ಪು ನೆತ್ತಿಯೊಳಗೆ ಕಣ್ಣು ಮುಚ್ಚಿಹೋಗುತ್ತದೆ. ಕಣ್ಣೇ ಕಾಣದ ಗೊಂಬೆಯನ್ನು ಮನೆಯಿಂದ ಕಳಿಸಲು ನನಗೆ ಮನಸ್ಸೊಪ್ಪಲಿಲ್ಲ. ಕಾಡಿಗೆ ತೀಡಿದ ಹಾಗೆ ಉದ್ದವಾಗಿ, ನಮ್ಮ ಪಟ್ಟದ ರಾಣಿಗಿರುವಂಥದೇ ಒಂದು ಜೊತೆ ಕಣ್ಣು ಬಿಡಿಸಿದೆ. ಮೇಘನಾ ನೋಡಿ ತಲೆ ಚಚ್ಚಿಕೊಂಡಳು. "ಒಂದಕ್ಕೆ ಮಾತ್ರ ಅತ್ತೆ. ಪ್ಲೀಸ್!" ಅದಕ್ಕೆ ರಾಣಿ ಎಂದೇ ಹೆಸರಾಯಿತು. ಎಲ್ಲ ಹಕ್ಕಿಗಳ ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಕಡೆ, ಒಂದೊಂದು ದೃಷ್ಟಿಬೊಟ್ಟನ್ನೂ ಇಟ್ಟೆ. ಅದನ್ನು ಅವಳಿಗೆ ಹೇಳಲಿಲ್ಲ.

ಯಶವಂತಪುರದಿಂದ ರೈಲು ಹತ್ತಿದೆವು, ನಾವಿಬ್ಬರು, ಪುಟ್ಟಸ್ವಾಮಿ, ಮೂರು ಗೋಣಿಚೀಲದಲ್ಲಿ ಹಕ್ಕಿಗಳು. ಮೇಘನಾ ಮೊದಲೇ ಹೋಗಿದ್ದಳು. ನಾನು ಬರುವ ಅಗತ್ಯವೇನು ಎಂದು ಇವರು ಒಂದು ಮಾತು ಕೇಳಿದರು. ಗೊಂಬೆ ಕೂರಿಸುವುದು ಯಾರ ಕೆಲಸ ಎಂದು ನಾನು ತಿರುಗಿ ಕೇಳಿದೆ.

ದೋಣಿ ನಡೆಸುವ ಜಟ್ಟಪ್ಪ ಅಲ್ಲಿಯವರು, ಮಾತು ಕಡಿಮೆ. ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ನಮ್ಮವರು ಮತ್ತು ಪುಟ್ಟಸ್ವಾಮಿ ಆ ಕಡೆಗೊಬ್ಬರು ಈ ಕಡೆಗೊಬ್ಬರು ಬಗ್ಗಿ ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಒಪ್ಪಿಸಿದರು. ನಾನು ಮಾತ್ರ ಮೂಗಿಗೆ ಉಪ್ಪುಗಾಳಿ ಎಳೆದುಕೊಂಡು ನೆಟ್ಟಗೆ ಕೂತಿದ್ದೆ. "ಅಮ್ಮ ಗಟ್ಟಿ ಇದ್ರು. ಸಾಹೇಬ್ರಿಗೇ ಆಗುದಿಲ್ಲ," ಎಂದರು ಜಟ್ಟಪ್ಪ. ಆ ಮಾತನ್ನು ನಾನು ಇಂದಿಗೂ ತಿಂಗಳಿಗೊಮ್ಮೆಯಾದರೂ ಮನೆಯಲ್ಲಿ ನೆನಪಿಸುತ್ತೇನೆ.

ಬಂಡೆ ಎಂದರೆ ಬಂಡೆಯೇ. ಒಂದು ಮರವಿಲ್ಲ, ಬಿರುಕಿನಲ್ಲಿ ನಾಲ್ಕು ಎಳೆ ಹುಲ್ಲು, ಸುತ್ತ ಎಲ್ಲಿ ನೋಡಿದರೂ ಹೊಳೆಯುವ ನೀರು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಮದುವೆಯಾಗಿ ಬಂದ ಮೇಲೆ ನಾನು ನೋಡಿದ ಅತಿ ದೊಡ್ಡ ಬಯಲು ಎಂದರೆ ಮನೆಯ ಹತ್ತಿರದ ಆಟದ ಮೈದಾನ. ಮೇಘನಾ ಒಂದು ತುದಿಯಲ್ಲಿ ತಾನು ಅಡಗಿ ಕೂತು ನೋಡಲು ಬಂಡೆಬಣ್ಣದ ಬಟ್ಟೆಯ ಗುಡಾರ ಹಾಕಿದ್ದಳು. ನೀರು ಏರುವ ಮೊದಲು ಹೊರಡಬೇಕೆಂದು ಜಟ್ಟಪ್ಪ ಅವಸರ ಮಾಡುತ್ತಿದ್ದರು. ಮೇಘನಾ ಮತ್ತು ಅವರು ಇಳಿಜಾರಿನಲ್ಲಿ ಹಕ್ಕಿ ಕೂಗಿನ ಸ್ಪೀಕರು ಕಟ್ಟಲು ಹೋದರು. ಗಂಡಸರಿಬ್ಬರೂ ನೆರಳಿಲ್ಲದ ಜಾಗದಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಹಕ್ಕಿ ಕೂರಿಸುವ ಕೆಲಸ ನನ್ನ ಕೈಗೆ ಬಂತು.

ಕೂರಿಸಿದೆ ನೋಡಿ! ನಲವತ್ತು ನವರಾತ್ರಿಯ ಅನುಭವವನ್ನೆಲ್ಲ ಸುರಿದೆ. ಬಂಡೆ ತಾನಾಗಿಯೇ ಮೆಟ್ಟಿಲು ಮೆಟ್ಟಿಲಾಗಿತ್ತು. ದೊಡ್ಡವು ಹಿಂದೆ, ಸಣ್ಣವು ಮುಂದೆ, ಜೋಡಿ ಜೋಡಿ, ಒಂದು ಇನ್ನೊಂದನ್ನು ಮರೆ ಮಾಡದ ಹಾಗೆ. ರಾಣಿ ನಟ್ಟನಡುವೆ. ಮೇಘನಾ ಸ್ಪೀಕರು ಕಟ್ಟಿ ಬಂದು ಗುಡಾರದ ಹತ್ತಿರ ನಿಂತು ನೋಡಿ ಚಪ್ಪಾಳೆ ತಟ್ಟಿದಳು. ಪುಟ್ಟಸ್ವಾಮಿ ಎದ್ದು ಕೂತು, "ಬೆಣ್ಣೆ ಹಂಗಿದೆ ಅತ್ತಿಗೆ," ಎಂದರು. ಎಲ್ಲರೂ ಫೋಟೋ ತೆಗೆದುಕೊಂಡೆವು.

ಊರಿಗೆ ಬಂದ ಮೇಲೆ ಕಾಯುವುದು ಶುರುವಾಯಿತು. ಮೇಘನಾ ಅಲ್ಲೇ ಇದ್ದಳು. ಬೆಳಿಗ್ಗೆ ಬಂಡೆಗೆ ಹೋಗಿ ಸಂಜೆ ದಡಕ್ಕೆ ಬಂದ ಮೇಲೆ ಫೋನ್ ಮಾಡುವಳು. ಹಾಲಿನವನಿಂದ ಹಿಡಿದು ತರಕಾರಿ ಅಂಗಡಿಯವರೆಗೆ ಎಲ್ಲರೂ ನನ್ನನ್ನು ಕೇಳುತ್ತಿದ್ದದ್ದು ಒಂದೇ, "ಬಂತಾ ಅಮ್ಮಾ?" ಬರಲಿಲ್ಲ. ಬರಲಿಲ್ಲ ಎಂದರೆ ಬಂದವು, ಸ್ಪೀಕರಿನ ಕೂಗು ಕೇಳಿ ಗುಂಪು ಗುಂಪಾಗಿ ಬಂದವು, ತಲೆ ಮೇಲೆ ಸುತ್ತಿದವು, ಕೆಳಗೆ ಇಳಿದವು, ಇನ್ನೇನು ಕಾಲೂರಬೇಕು ಅನ್ನುವಾಗ ಕಿರುಚಿಕೊಂಡು ಮೇಲೆದ್ದು ಹೋದವು. ದಿನಾ ಇದೇ ಕಥೆ. ಮೇಘನಾಳ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಹೋಯಿತು. ಮಳೆಗಾಲ ಹತ್ತಿರ ಬರುತ್ತಿತ್ತು. ಕಡಲು ಕೆರಳಿದರೆ ದೋಣಿ ಬಂದ್. ಅಲ್ಲಿಗೆ ಅವಳ ಹಕ್ಕಿಯೂ ಬಂದ್, ಓದೂ ಬಂದ್.

ಒಂದು ಸಂಜೆ ಅವಳು ಹೊತ್ತಿಗೆ ಮುಂಚೆಯೇ ಫೋನ್ ಮಾಡಿದಳು. ದನಿಯಲ್ಲಿ ಅಳುವೋ ನಗುವೋ ತಿಳಿಯಲಿಲ್ಲ.

"ಅತ್ತೆ, ನಾವೆಷ್ಟು ದಡ್ಡರು ಗೊತ್ತಾ? ಇವತ್ತು ದಡದಲ್ಲಿ ನಿಜವಾದ ಹಕ್ಕಿಗಳ ಒಂದು ಗುಂಪು ಕೂತಿತ್ತು. ಎಲ್ಲಾ ಒಂದೇ ಕಡೆ ಮುಖ ಮಾಡ್ಕೊಂಡು. ಗಾಳಿ ಬರೋ ಕಡೆಗೆ! ಗಾಳಿಗೆ ಬೆನ್ನು ಕೊಟ್ರೆ ಪುಕ್ಕ ಎಲ್ಲಾ ಎದ್ದು ಬಿಡತ್ತಲ್ಲ. ನಾನು ಸಾವಿರ ಸಲ ನೋಡಿದೀನಿ ಇದನ್ನ. ನಿಮ್ಮ ಹಕ್ಕಿಗಳು ಯಾವ ಕಡೆ ನೋಡ್ತಾ ಇದಾವೆ ಹೇಳಿ?"

ನಾನು ಫೋಟೋ ನೆನಪಿಸಿಕೊಂಡೆ. ನಲವತ್ತು ವರ್ಷ ಗೊಂಬೆಗಳನ್ನು ಯಾವ ಕಡೆ ತಿರುಗಿಸಿ ಕೂರಿಸಿದ್ದೆನೋ ಆ ಕಡೆಗೆ. ನೋಡಲು ಬಂದವರ ಕಡೆಗೆ. ಒಂದೂ ಬಿಡದೆ ಎಲ್ಲ ಹಕ್ಕಿಗಳೂ ಸಮುದ್ರದ ಗಾಳಿಗೆ ಬೆನ್ನು ಹಾಕಿ, ಮೇಘನಾಳ ಗುಡಾರವನ್ನು ನೆಟ್ಟ ನೋಟದಿಂದ ನೋಡುತ್ತಾ ಕೂತಿದ್ದವು. ಅರಿಶಿನ ಕುಂಕುಮಕ್ಕೆ ಬಂದವರಿಗೆ ಚೆನ್ನಾಗಿ ಕಾಣಲಿ ಎಂದು! ಮೇಲಿಂದ ನೋಡಿದ ಹಕ್ಕಿಗಳಿಗೆ, ಇವೇನು ಹುಚ್ಚು ಹಿಡಿದವುಗಳ ಊರೇ ಅನ್ನಿಸಿರಬೇಕು.

"ನಾಳೆ ಹೋಗಿ ತಿರುಗ್ಸಿಬಿಡೇ," ಎಂದೆ.

"ತಿರುಗಿಸ್ಬೋದು ಅತ್ತೆ. ಆದ್ರೆ ಬೆಳಿಗ್ಗೆ ಗಾಳಿ ಆ ಕಡೆಯಿಂದ, ಮಧ್ಯಾಹ್ನ ಈ ಕಡೆಯಿಂದ. ನಾನು ಎದ್ದು ತಿರುಗಿಸ್ತಾ ಕೂತ್ರೆ ಒಂದು ಹಕ್ಕೀನೂ ಹತ್ರ ಬರಲ್ಲ."

ನಮ್ಮವರು ಮಾತೆಲ್ಲ ಕೇಳಿಸಿಕೊಂಡು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಈ ಸಲ ನಾನೂ ಸ್ಕೂಟರ್ ಹತ್ತಿದೆ. ಶೆಡ್ಡಿನಲ್ಲಿ ಇಬ್ಬರು ಗಂಡಸರೂ ಒಂದು ಉಳಿದ ಹಕ್ಕಿಯನ್ನು ನಡುವೆ ಇಟ್ಟುಕೊಂಡು ಜಗಳವಾಡಿದರು. ಹೊಟ್ಟೆಗೆ ತೂತು ಕೊರೆದು ಹಿತ್ತಾಳೆಯ ಸಣ್ಣ ಕೊಳವೆ ಕೂರಿಸುವುದು, ಅದನ್ನು ನಿಂತ ಸರಳಿನ ಮೇಲೆ ಇಡುವುದು, ಅಲ್ಲಿಗೆ ಹಕ್ಕಿ ಸಲೀಸಾಗಿ ಸುತ್ತುತ್ತದೆ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ತೂತು ಎಲ್ಲಿ ಎಂಬುದೇ ಜಗಳ. ಪುಟ್ಟಸ್ವಾಮಿ ಸರಿಯಾಗಿ ಮಧ್ಯಕ್ಕೆ ಎಂದರು. ಕೊರೆದು ಟೇಬಲ್ ಫ್ಯಾನ್ ಹಾಕಿದರೆ ಹಕ್ಕಿ ಅಡ್ಡಡ್ಡ ನಿಂತು ನಡುಗಿತು.

"ಎದೆ ಹತ್ರ ಮಾಡೋ ಮಾರಾಯ. ಬಾಲದ ಕಡೆ ಜಾಸ್ತಿ ಉಳೀಲಿ. ಗಾಳಿ ಬಾಲಾನ ತಳ್ಳತ್ತೆ, ಮುಖ ತಾನಾಗೇ ಮುಂದಕ್ಕೆ ಬರತ್ತೆ," ಎಂದರು ಇವರು.

ಎದೆಯ ಹತ್ತಿರ ಕೊರೆದರು. ಫ್ಯಾನ್ ಹಾಕಿದರು. ಹಕ್ಕಿ ಒಮ್ಮೆ ತೂಗಾಡಿ, ಮೆಲ್ಲಗೆ ತಿರುಗಿ, ಫ್ಯಾನಿಗೆ ಮುಖ ಕೊಟ್ಟು ನಿಂತಿತು. ಫ್ಯಾನನ್ನು ಇವರು ಎತ್ತಿಕೊಂಡು ಇನ್ನೊಂದು ಮೂಲೆಗೆ ಹೋದರು. ಹಕ್ಕಿಯೂ ಅತ್ತ ತಿರುಗಿತು. ಫ್ಯಾನ್ ಹಿಡಿದು ಇವರು ಶೆಡ್ಡಿನಲ್ಲಿ ಸುತ್ತುವುದು, ಹಕ್ಕಿ ಇವರನ್ನೇ ನೋಡುತ್ತಾ ಸುತ್ತುವುದು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಷ್ಟು ವರ್ಷದ ಸಂಸಾರದಲ್ಲಿ ಇವರ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಇಷ್ಟು ಚೆಂದದ ಕೆಲಸಗಾರನನ್ನು ಎಣ್ಣೆ ಡಬ್ಬಿಗೆ ಬೈಯುತ್ತಿದ್ದೆನಲ್ಲ ಎನಿಸಿತು.

ಕೊಳವೆ, ಸರಳು, ಕೈ ಡ್ರಿಲ್ ಕಟ್ಟಿಕೊಂಡು ಇಬ್ಬರೂ ಬಸ್ ಹತ್ತಿದರು. ದೋಣಿಯಲ್ಲಿ ಜಾಗವಿಲ್ಲ ಎಂದು ನನ್ನನ್ನು ಬಿಟ್ಟು ಹೋದರು. ಅದು ಸುಳ್ಳು. ನಾನು ಬಂದರೆ ಮತ್ತೆ ಸಾಲು ಮಾಡಿ ಕೂರಿಸುತ್ತೇನೆ ಎಂಬ ಭಯ. ಒಂದು ಇಡೀ ದಿನ ಬಂಡೆಯ ಮೇಲೆ ಕೂತು ಪ್ರತಿ ಹಕ್ಕಿಗೂ ಕಾಲು ಕೊಟ್ಟು, ಅಲ್ಲಲ್ಲಿ ಚೆದುರಿಸಿ ನೆಟ್ಟು ಬಂದರು.

ಅದರ ಮಾರನೆಯ ದಿನ ಒಂದು ಇಳಿಯಿತು.

ಅದೊಂದು ಗಂಡು. ಎಲ್ಲ ಬಿಟ್ಟು ಅದು ಹೋಗಿ ನಿಂತದ್ದು ರಾಣಿಯ ಪಕ್ಕದಲ್ಲಿ. ಮೇಘನಾ ಕಳಿಸಿದ ವಿಡಿಯೋವನ್ನು ನಮ್ಮ ರಸ್ತೆಯಲ್ಲಿ ನೋಡದವರಿಲ್ಲ. ಗಂಡುಹಕ್ಕಿ ಒಂದು ಸಣ್ಣ ಮೀನು ಕಚ್ಚಿಕೊಂಡು ಬರುತ್ತದೆ, ರಾಣಿಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತದೆ. ಅಷ್ಟರಲ್ಲಿ ಗಾಳಿ ಬದಲಾಗುತ್ತದೆ, ರಾಣಿ ಮುಖ ತಿರುಗಿಸಿಬಿಡುತ್ತಾಳೆ. ಪಾಪ, ಅದು ಸುತ್ತಿಕೊಂಡು ಮತ್ತೆ ಮುಂದಕ್ಕೆ ಬರುತ್ತದೆ. ರಾಣಿ ಮತ್ತೆ ಅತ್ತ ತಿರುಗುತ್ತಾಳೆ. ಕೊನೆಗೆ ಮೀನನ್ನು ಅವಳ ಕಾಲಬುಡದಲ್ಲೇ ಬಿಟ್ಟು ಇನ್ನೊಂದು ತರಲು ಹೋಗುತ್ತದೆ.

"ಹೆಣ್ಣಿನ ಕಡೆಯವರಿಗೆ ಜಂಬ ಜಾಸ್ತಿ," ಎಂದರು ನಮ್ಮವರು.

"ಕಣ್ಣು ಬರೆದಿದ್ದಕ್ಕೇ ಬಂದಿದ್ದು," ಎಂದೆ ನಾನು. ಇವತ್ತಿಗೂ ನನ್ನ ವಾದ ಅದೇ. ಮೇಘನಾ ಇದನ್ನು ಒಪ್ಪುವುದಿಲ್ಲ, ತಪ್ಪು ಎಂದೂ ಅವಳಿಗೆ ತೋರಿಸಲು ಆಗಿಲ್ಲ.

ಅದು ಇಳಿದದ್ದೇ ತಡ, ಮೇಲೆ ಸುತ್ತುತ್ತಿದ್ದವೂ ಒಂದೊಂದಾಗಿ ಇಳಿದವು. ನಿಜವಾದ ಹೆಣ್ಣುಗಳೂ ಬಂದವು. ಬಂಡೆಯ ಮೇಲೆ ಯಾವುದು ಮರದ್ದು ಯಾವುದು ಜೀವದ್ದು ಎಂದು ಮೇಘನಾಗೇ ಕಣ್ಣು ತಪ್ಪುವಷ್ಟು ಜನಸಂದಣಿ. ಆದರೆ ಮೊಟ್ಟೆ? ಮೊಟ್ಟೆ ಕಾಣಲಿಲ್ಲ. ಆಕಾಶ ಕಪ್ಪಾಗುತ್ತಿತ್ತು. ಜಟ್ಟಪ್ಪ ಇನ್ನು ಒಂದೇ ಸಲ ಕರೆದುಕೊಂಡು ಹೋಗುವುದು ಎಂದು ಹೇಳಿಬಿಟ್ಟಿದ್ದರು.

ಆ ದಿನ ಬೆಳಿಗ್ಗೆ ನಾನು ದೇವರ ಮುಂದೆ ನಿಂತು ಏನು ಬೇಡಿದೆ ಗೊತ್ತೆ? ಮೊಟ್ಟೆ. ಮೊಟ್ಟೆ ಹಾಕಿದ ಕೇಕ್ ಎಂದು ಮೊಮ್ಮಕ್ಕಳ ಹುಟ್ಟುಹಬ್ಬದಲ್ಲಿ ಬಾಗಿಲಾಚೆ ನಿಂತವಳು ನಾನು. ದೀಪ ಹಚ್ಚಿ, ಕಣ್ಣು ಮುಚ್ಚಿ, "ಅಪ್ಪಾ, ಒಂದೇ ಒಂದು ಮೊಟ್ಟೆ ಕೊಡಪ್ಪಾ," ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ. ಹಿಂದೆ ನಿಂತಿದ್ದ ನಮ್ಮವರೂ ಕೈ ಮುಗಿದಿದ್ದರು. ಎಣ್ಣೆ ಹಾಕಿದ ಬಾಗಿಲು, ಬಂದದ್ದು ಗೊತ್ತಾಗಿರಲಿಲ್ಲ.

ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬಂಡೆಯ ಮೇಲೆ ಸಿಗ್ನಲ್ ಇರುವುದಿಲ್ಲ, ಸಂಜೆಯವರೆಗೆ ಸುದ್ದಿ ಇಲ್ಲ ಎಂದುಕೊಂಡಿದ್ದೆ. ಫೋನ್ ಬಂತು. ದೋಣಿ ದಡ ಮುಟ್ಟುವ ಮೊದಲೇ ಸಿಗ್ನಲ್ ಸಿಕ್ಕಿದ ಕಡೆಯಿಂದ ಮಾಡಿದ್ದಳಂತೆ. ಗಾಳಿಯ ಸದ್ದು, ಎಂಜಿನ್ ಸದ್ದು, ಅದರ ನಡುವೆ ಅವಳ ಕಿರುಚಾಟ.

"ಅತ್ತೆ! ಮೊಟ್ಟೆ! ರಾಣಿ ಪಕ್ಕದಲ್ಲೇ! ಇನ್ನೂ ಆರೇಳು ಕಡೆ ಇದೆ ಅತ್ತೆ!"

ಆಮೇಲೆ ಅವಳು ಅತ್ತಳು. ನಾನೂ ಅತ್ತೆ. ಒಗ್ಗರಣೆ ಸೀದು ಹೋಯಿತು. ಸೌಟು ಕೈಯಲ್ಲಿ ಹಿಡಿದೇ ನಾನು ಗೇಟು ದಾಟಿ ರಸ್ತೆಗೆ ಓಡಿ, "ಶಾರದಮ್ಮಾ! ಮೊಟ್ಟೆ ಬಂತು, ಮೊಟ್ಟೆ!" ಎಂದು ಕೂಗಿದೆ. ಹೊಸದಾಗಿ ಬಾಡಿಗೆಗೆ ಬಂದಿದ್ದ ಮೇಲಿನ ಮನೆಯವರು ಕಿಟಕಿಯಿಂದ ಬಗ್ಗಿ, ನಾನು ಮೊಟ್ಟೆ ಮಾರುವವಳೆಂದುಕೊಂಡು, "ಡಜನ್ ಎಷ್ಟಮ್ಮಾ?" ಎಂದು ಕೇಳಿದರು. ಸಂಜೆ ಅವರಿಗೇ ಮೊದಲ ತಟ್ಟೆ ಕೇಸರಿಬಾತ್ ಹೋಯಿತು.

ಮಳೆ ಕಳೆದ ಮೇಲೆ ಮೇಘನಾ ಹೋಗಿ ನೋಡಿದಾಗ ಬಂಡೆಯ ಮೇಲೆ ಒಡೆದ ಚಿಪ್ಪು, ಮರಿಗಳ ಪುಕ್ಕ, ಹಿಕ್ಕೆ. ಮುಂದಿನ ಬೇಸಿಗೆಗೆ ಹಕ್ಕಿಗಳು ತಾವಾಗಿಯೇ ಬಂದವು, ನಮ್ಮ ಗೊಂಬೆಗಳ ಕೆಲಸ ಹೋಯಿತು. ಮೇಘನಾ ಈಗ ಡಾಕ್ಟರ್ ಮೇಘನಾ. ನಮ್ಮವರೂ ಪುಟ್ಟಸ್ವಾಮಿಯೂ ಈಗ ಒಂದು ಕೆರೆ ಕಾಯುವವರಿಗೆ ಬಾತುಕೋಳಿ ಕೆತ್ತುತ್ತಿದ್ದಾರೆ. ಎಣ್ಣೆ ಡಬ್ಬಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಬಾಗಿಲುಗಳೆಲ್ಲ ಮತ್ತೆ ಕಿರ್ ಎನ್ನುತ್ತವೆ. ರಾಣಿಯನ್ನು ಮೇಘನಾ ನನಗೇ ತಂದುಕೊಟ್ಟಳು, ಅವಳ ಬುಡಕ್ಕೆ ಮೆತ್ತಿದ ಎಲ್ಲ ಮೀನುಗಳ ವಾಸನೆಯ ಸಮೇತ.

ಈ ಸಲವೂ ಅವಳನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಅದೇ ಸರಳಿನ ಮೇಲೆ ಕೂರಿಸಿದೆ. ಸಂಜೆ ಹೆಂಗಸರು ಬಂದರು. ಸೆಕೆ ಎಂದು ಶಾರದಮ್ಮ ಮೂಲೆಯ ಟೇಬಲ್ ಫ್ಯಾನ್ ಹಾಕಿದರು. ಪಟ್ಟದ ರಾಜ, ರಾಣಿ, ಸೆಟ್ಟಿ, ಸೆಟ್ಟಿತಿ, ಸಿಪಾಯಿಗಳೆಲ್ಲ ಬಂದವರನ್ನು ನೋಡುತ್ತಾ ನೆಟ್ಟಗೆ ನಿಂತಿದ್ದರು. ನನ್ನ ಹಕ್ಕಿ ಒಮ್ಮೆ ತೂಗಾಡಿತು, ಕಾಡಿಗೆ ಕಣ್ಣಿನ ಮುಖವನ್ನು ಮೆಲ್ಲಗೆ ತಿರುಗಿಸಿತು, ಬಂದವರಿಗೆಲ್ಲ ಬಾಲ ತೋರಿಸಿ ಗಾಳಿಗೆ ಎದುರಾಗಿ ನಿಂತಿತು.

"ಇದೊಂದು ಆ ಕಡೆ ತಿರುಗಿದೆಯಲ್ರೀ, ಸರಿ ಮಾಡ್ಲಾ?" ಎಂದು ಹೊಸಬರೊಬ್ಬರು ಕೈ ಚಾಚಿದರು.

"ಬೇಡ, ಬಿಡಿ," ಎಂದೆ. "ಅದು ಸರಿಯಾಗೇ ಕೂತಿದೆ."